ಬೆಳಿಗ್ಗೆ ಆರೂವರೆಯ ಡಿಬೇಟ್: ಅಮೆರಿಕದ ಅಧ್ಯಕ್ಷೀಯ ಚರ್ಚೆಯನ್ನು ಮೈಸೂರಲ್ಲಿ ಕೂತು ಸುಸ್ತಾಗದೆ ನೋಡುವ ಬಗೆ

ಸರಸ್ವತಿಪುರಂ, ಕುವೆಂಪುನಗರದ ಕಡೆ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಬೇಕಾದಷ್ಟಿವೆ. ಅಲ್ಲಿ ಚುನಾವಣೆ ಬಂದರೆ ಇಲ್ಲಿಯೂ ಕಾಫಿ ಲೋಟದ ಜೊತೆಗೇ ಬರುತ್ತದೆ. ಅಭ್ಯರ್ಥಿಗಳ ಚರ್ಚೆ ನಡೆಯುವುದು 90 ನಿಮಿಷ. ಅದರ ಬಗ್ಗೆ ಟಿವಿ, ವಾಟ್ಸಾಪ್, ಯೂಟ್ಯೂಬ್‌ನಲ್ಲಿ ಮಾತು ಮಾತ್ರ ವಾರಗಟ್ಟಲೆ. ಜನಕ್ಕೆ ಸುಸ್ತು ಹತ್ತುವುದು ಆ ವಾರಗಳಲ್ಲೇ. ಅಮೆರಿಕನ್ನರ ಕಥೆಯೂ ಇದೇ: 2016ರ ಜುಲೈನಲ್ಲಿ, ಅಂದರೆ ಮೊದಲ ಚರ್ಚೆಗೂ ಎರಡು ತಿಂಗಳು ಮುಂಚೆ, ಪ್ಯೂ ಸಂಶೋಧನಾ ಕೇಂದ್ರ ಪ್ರಕಟಿಸಿದ ಸಮೀಕ್ಷೆಯಲ್ಲಿ 100ಕ್ಕೆ 59 ಮಂದಿ ಚುನಾವಣಾ ಸುದ್ದಿಯಿಂದ ಸಾಕಾಗಿದೆ ಎಂದಿದ್ದರು. ಹಾಗಾದರೆ ಮಾಡಬೇಕಾದ್ದು ಇಷ್ಟು: ಮೂಲ ಚರ್ಚೆಯನ್ನು ಪೂರ್ತಿ ನೋಡಿ, ಬೇರೆಯವರು ಬಾಯಿ ಬಿಡುವ ಮೊದಲೇ ನಿಮ್ಮ ಅಭಿಪ್ರಾಯವನ್ನು ಕಾಗದಕ್ಕೆ ಇಳಿಸಿ, ಉಳಿದದ್ದನ್ನು ಅಳತೆ ಹಾಕಿ ಒಳಗೆ ಬಿಟ್ಟುಕೊಳ್ಳಿ.

ನಮ್ಮ ರಾಷ್ಟ್ರಪತಿ ಚುನಾವಣೆಗೂ ಇಂಥ ಚರ್ಚೆ ಇದೆಯೇ ಎಂದು ಮಕ್ಕಳು ಕೇಳಿದರೆ ಆ ಗೊಂದಲ ಮೊದಲೇ ಬಿಡಿಸಿ. ನಮ್ಮ ರಾಷ್ಟ್ರಪತಿಗಳನ್ನು ಸಂಸದರು ಮತ್ತು ಶಾಸಕರು ಆರಿಸುತ್ತಾರೆ. 2022ರ ಜುಲೈ 18ರಂದು ಮಂಡ್ಯದ ಶಾಸಕರು ಓಟು ಹಾಕಿದ್ದು ಅಂಥ ಚುನಾವಣೆಯಲ್ಲಿ. ಅದರಲ್ಲಿ ಜನರ ಮುಂದೆ ಟಿವಿ ಚರ್ಚೆ ಎಂಬುದಿಲ್ಲ.

ಹೊತ್ತು ಮತ್ತು ಸಾಮಾನು

ಚರ್ಚೆಗಳು ಸಾಮಾನ್ಯವಾಗಿ ಅಲ್ಲಿನ ಪೂರ್ವ ಕರಾವಳಿಯ ರಾತ್ರಿ 9ಕ್ಕೆ ಶುರು. ಮಾರ್ಚ್‌ನಿಂದ ನವೆಂಬರ್ ಮೊದಲ ಭಾನುವಾರದವರೆಗೆ ನಮಗೂ ಅವರಿಗೂ ಒಂಬತ್ತೂವರೆ ಗಂಟೆ ಅಂತರ, ಆದ್ದರಿಂದ ನಮಗೆ ಮರುದಿನ ಬೆಳಿಗ್ಗೆ 6:30. 2024ರ ಜೂನ್ 27ರ ಬೈಡನ್–ಟ್ರಂಪ್ ಚರ್ಚೆ ಇಲ್ಲಿ 28ರ ಬೆಳಿಗ್ಗೆ ಬಂತು. ಸೆಪ್ಟೆಂಬರ್ 10ರ ಹ್ಯಾರಿಸ್–ಟ್ರಂಪ್ ಚರ್ಚೆ 11ರ ಬೆಳಿಗ್ಗೆ. ತಾರೀಖು ತಪ್ಪಿ ಒಂದು ದಿನ ಮೊದಲೇ ಎದ್ದು ಕೂರುವುದು ತೀರಾ ಸಾಮಾನ್ಯವಾದ ಎಡವಟ್ಟು. ಕ್ಯಾಲೆಂಡರಿನಲ್ಲಿ ನಮ್ಮ ದಿನವನ್ನೇ ಗುರುತು ಹಾಕಿ.

ಮೈಸೂರಿಗೆ ಇದು ಒಳ್ಳೆಯ ಹೊತ್ತು. ಎಂಟಕ್ಕೆ ಮುಗಿದು ಆಫೀಸಿಗೂ ಹೋಗಬಹುದು. ಮಂಡ್ಯ ಕಡೆಯ ಹಳ್ಳಿಗಳಿಗೆ ಅಲ್ಲ. ಆರೂವರೆ ಅಂದರೆ ಡೇರಿಗೆ ಹಾಲು ಹಾಕುವ ಹೊತ್ತು, ಕ್ಯಾನ್ ಬಿಟ್ಟು ಯಾರೂ ಟಿವಿ ಮುಂದೆ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಅಂಥವರು ಸಂಜೆ ಏಳಕ್ಕೆ ಪೂರ್ತಿ ವಿಡಿಯೋ ಹಾಕಿಕೊಳ್ಳಲಿ. ಒಂದೇ ಕಟ್ಟುಪಾಡು: ಅಲ್ಲಿವರೆಗೆ ಆ ವಿಷಯದ ಯಾವ ಮೆಸೇಜನ್ನೂ ತೆರೆಯಬಾರದು. ನೋಡುವಾಗ ‘ಹೈಲೈಟ್ಸ್’ ಬೇಡ. ಹತ್ತು ನಿಮಿಷದ ತುಣುಕಿನಲ್ಲಿ ಜಗಳ ಉಳಿದಿರುತ್ತದೆ, ಪ್ರಶ್ನೆ ಕತ್ತರಿಸಿ ಹೋಗಿರುತ್ತದೆ.

ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಯಾಕ್ ಇದ್ದರೆ 720ರ ಗುಣಮಟ್ಟದಲ್ಲಿ 90 ನಿಮಿಷ ಮುಗಿಯುವ ಹೊತ್ತಿಗೆ ಡೇಟಾ ಖಾಲಿಯಾದೀತು. 480ಕ್ಕೆ ಇಳಿಸಿ, ಮಾತನಾಡುವ ಇಬ್ಬರ ಮುಖ ನೋಡಲು ಅಷ್ಟು ಧಾರಾಳ ಸಾಕು. ಲೈವ್ ಚಾಟ್ ಮುಚ್ಚಿಬಿಡಿ. ಉಚ್ಚಾರಣೆ ಕಷ್ಟವಾದರೆ ಕ್ಯಾಪ್ಷನ್ ಹಾಕಿ. ಕೆಲವು ಚಾನೆಲ್‌ಗಳು ಮತದಾರರ ಕೈಗೆ ಗುಂಡಿ ಕೊಟ್ಟು, ಅವರ ಮೆಚ್ಚುಗೆ ಏರಿಳಿಯುವ ಗೆರೆಯನ್ನು ಪರದೆಯ ಕೆಳಗೆ ಓಡಿಸುತ್ತವೆ. 2008ರಲ್ಲಿ ಸಿಎನ್‌ಎನ್ ಓಹಾಯೋದ ಚಿಕ್ಕ ಗುಂಪೊಂದನ್ನು ಇಟ್ಟುಕೊಂಡು ಹಾಗೆ ಮಾಡಿತ್ತು. ಆ ಗೆರೆ ಕಂಡರೆ ಬೇರೆ ಚಾನೆಲ್ ಹಾಕಿ, ಇಲ್ಲವೇ ಟಿವಿಯ ಕೆಳಭಾಗಕ್ಕೆ ಹಳೇ ಪೇಪರಿನ ಪಟ್ಟಿ ಅಂಟಿಸಿ. ಕಣ್ಣು ಗೆರೆಯ ಹಿಂದೆ ಹೋದರೆ ಕಿವಿಯೂ ಹೋಗುತ್ತದೆ.

ಎಂಟು ಜನಕ್ಕಿಂತ ಹೆಚ್ಚು ಸೇರಿಸಬೇಡಿ. ಡಿಕಾಕ್ಷನ್ ಹಿಂದಿನ ರಾತ್ರಿಯೇ ಇಳಿಸಿಡಿ. ಎಂಟು ಮಂದಿಗೆ 100 ಗ್ರಾಂ ಪುಡಿ, ಒಂದು ಲೀಟರ್ ಹಾಲು ಬೇಕಾಗುತ್ತದೆ. ಚರ್ಚೆಯ ನಡುವೆ ಅಡುಗೆಮನೆಗೆ ಎದ್ದು ಹೋಗುವವರಿಗೆ, ಅದು ಹೆಚ್ಚಾಗಿ ಮನೆಯ ಹೆಂಗಸರೇ ಆಗಿರುತ್ತಾರೆ, ಅರ್ಧ ಚರ್ಚೆ ತಪ್ಪುತ್ತದೆ. ಹಾಗಾಗಲು ಬಿಡಬೇಡಿ.

ಹಾಳೆ

ಇಡೀ ಕೆಲಸದ ಜೀವಾಳ ಇದು. ಒಂದು ಎ4 ಹಾಳೆಯನ್ನು ಅಡ್ಡಲಾಗಿಟ್ಟು ನಾಲ್ಕು ಕಂಬ ಗೀಟಿ: ಕೇಳಿದ ಪ್ರಶ್ನೆ, ಉತ್ತರ ಬಂತೇ, ತಾಳೆ ನೋಡಬಹುದಾದ ಮಾತು, ನನಗೆ ಅನಿಸಿದ್ದು. ಎರಡನೇ ಕಂಬಕ್ಕೆ ಮೂರೇ ಗುರುತು: ಕೊಟ್ಟರು, ಅರ್ಧ, ಜಾರಿದರು. ಮೂರನೆಯದಕ್ಕೆ ಅಂಕಿ, ಇಸವಿ, ಊರಿನ ಅಥವಾ ಕಾನೂನಿನ ಹೆಸರು ಇರುವ ಮಾತು ಮಾತ್ರ. ನಾಲ್ಕನೆಯದರಲ್ಲಿ ಸಿಟ್ಟು, ನಗು, ಅನುಮಾನ ಏನಿದ್ದರೂ ಬರೆಯಿರಿ. ಮೈಗೆ ಅನಿಸಿದ್ದಕ್ಕೆ ಬೇರೆ ಜಾಗ ಕೊಡದಿದ್ದರೆ ಅದು ಎರಡನೇ ಕಂಬಕ್ಕೆ ನುಗ್ಗಿ, ಇಷ್ಟವಾದವರೆಲ್ಲ ಉತ್ತರ ಕೊಟ್ಟಂತೆ ಕಾಣತೊಡಗುತ್ತದೆ.

2024ರ ಸೆಪ್ಟೆಂಬರ್ ಚರ್ಚೆಯನ್ನೇ ಹಾಳೆಗೆ ಹಾಕಿ ನೋಡೋಣ. ಮೊದಲ ಪ್ರಶ್ನೆ ಹ್ಯಾರಿಸ್ ಅವರಿಗೆ: ನಾಲ್ಕು ವರ್ಷದ ಹಿಂದಿಗಿಂತ ಅಮೆರಿಕನ್ನರು ಈಗ ಚೆನ್ನಾಗಿದ್ದಾರೆಯೇ? ಅವರು ತಾವು ಮಧ್ಯಮ ವರ್ಗದ ಮನೆಯಲ್ಲಿ ಬೆಳೆದದ್ದರಿಂದ ಶುರು ಮಾಡಿ ಮುಂದಿನ ಯೋಜನೆಗಳಿಗೆ ಹೋದರು. ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಎರಡನೇ ಕಂಬ: ಜಾರಿದರು. ಮುಂದೆ ಟ್ರಂಪ್ ಅವರಿಗೆ ಆರೋಗ್ಯ ವಿಮೆಯ ಪ್ರಶ್ನೆ ಬಂತು: ಇಷ್ಟು ವರ್ಷದ ಮೇಲೆ ನಿಮ್ಮ ಬಳಿ ಯೋಜನೆ ಇದೆಯೇ? ಯೋಜನೆಯ ಪರಿಕಲ್ಪನೆಗಳಿವೆ ಎಂಬ ಉತ್ತರ. ಅದನ್ನು ಧಾರಾಳವಾಗಿ ಅರ್ಧ ಎನ್ನಬಹುದು. ಸ್ಪ್ರಿಂಗ್‌ಫೀಲ್ಡ್ ಊರಲ್ಲಿ ವಲಸಿಗರು ಸಾಕುಪ್ರಾಣಿ ತಿನ್ನುತ್ತಿದ್ದಾರೆಂಬ ಅವರ ಮಾತು ಮೂರನೇ ಕಂಬಕ್ಕೆ. ಅಂಥ ನಂಬಲರ್ಹ ದೂರು ಬಂದಿಲ್ಲವೆಂದು ಊರಿನ ಆಡಳಿತ ಹೇಳಿದೆ ಎಂದು ನಿರೂಪಕರು ಅಲ್ಲೇ ತಿಳಿಸಿದರು. ಹ್ಯಾರಿಸ್ ಅವರ ತಾಯಿ ತಮಿಳುನಾಡು ಮೂಲದವರು, ನಮ್ಮ ಕಡೆಯವರಂತೆ ಎಂಬುದು ನಾಲ್ಕನೇ ಕಂಬದ ವಿಷಯ. ಅದನ್ನು ಅಲ್ಲಿಗೇ ನಿಲ್ಲಿಸಿ.

ಎಲ್ಲ ಪ್ರಶ್ನೆಯನ್ನೂ ಬರೆಯಲು ಹೋದರೆ ಇಪ್ಪತ್ತನೇ ನಿಮಿಷಕ್ಕೆ ಕೈ ಸೋಲುತ್ತದೆ. ನಿಮ್ಮ ಮನೆಗೆ ತಟ್ಟುವ ಮೂರು ವಿಷಯ ಮೊದಲೇ ಆರಿಸಿಕೊಳ್ಳಿ, ಉದಾಹರಣೆಗೆ ಕೆಲಸದ ವೀಸಾ, ಸುಂಕ, ಯುದ್ಧ. ಆರಿಸಿದ ವಿಷಯ ಚರ್ಚೆಯಲ್ಲಿ ಬರಲೇ ಇಲ್ಲವೆಂದರೆ ಅದನ್ನೂ ದಾಖಲಿಸಿ. ವೀಸಾ ವಿಷಯಕ್ಕೆ ಹೀಗಾಗುವ ಸಂಭವ ಹೆಚ್ಚು, ಏಕೆಂದರೆ ಎಚ್-1ಬಿ ಎಂಬ ಕೆಲಸದ ವೀಸಾ ಮೇಲಿರುವವರಿಗೂ ಕಾಯಂ ವಾಸದ ಗ್ರೀನ್ ಕಾರ್ಡ್‌ನವರಿಗೂ ಅಲ್ಲಿ ಅಧ್ಯಕ್ಷರ ಚುನಾವಣೆಯಲ್ಲಿ ಓಟಿಲ್ಲ.

ಮುಗಿದ ಕೂಡಲೇ

ಟಿವಿ ಆರಿಸಿ. ಕೊನೆಯ ಮಾತು ಮುಗಿದ ಅರೆಗಳಿಗೆಯಲ್ಲೇ ಪ್ಯಾನೆಲ್ ಶುರುವಾಗುತ್ತದೆ, ಅದಕ್ಕೆ ರಿಮೋಟ್ ಕೈಯಲ್ಲೇ ಇರಲಿ. ಹತ್ತು ನಿಮಿಷ ಯಾರೂ ಮಾತಾಡದೆ ಎರಡು ಸಾಲು ಬರೆಯಬೇಕು: ಯಾರು ಹೆಚ್ಚು ಉತ್ತರ ಕೊಟ್ಟರು, ನನ್ನ ಮನಸ್ಸು ಯಾವುದರಲ್ಲಿ ಬದಲಾಯಿತು. ಅಷ್ಟರಲ್ಲಿ ನ್ಯೂಜೆರ್ಸಿಯಿಂದ ಮಗಳ ಮೆಸೇಜ್ ಬರುತ್ತದೆ, ‘ಅಪ್ಪಾ, ನೋಡಿದ್ರಾ? ಯಾರು ಗೆದ್ರು ಅನ್ಸುತ್ತೆ?’ ‘ಇನ್ನೂ ಬರೀತಾ ಇದೀನಿ ಕಣಮ್ಮ, ಆಮೇಲೆ ಹೇಳ್ತೀನಿ’ ಎಂದು ಹಾಕಿ ಫೋನ್ ಮಗುಚಿಡಿ.

ಈ ಹತ್ತು ನಿಮಿಷದ ಬೆಲೆ ಗೊತ್ತಾಗಬೇಕಾದರೆ 1976ರ ಅಕ್ಟೋಬರ್ 6ರ ಚರ್ಚೆ ನೋಡಿ. ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತವಿಲ್ಲ ಎಂದು ಅಧ್ಯಕ್ಷ ಫೋರ್ಡ್ ಅಂದುಬಿಟ್ಟರು. ಚರ್ಚೆ ಮುಗಿದ ರಾತ್ರಿಯೇ ಸಮೀಕ್ಷೆಯವರು ಫೋನ್ ಮಾಡಿ ಕೇಳಿದಾಗ ಫೋರ್ಡ್ ಮೇಲುಗೈ ಎಂದವರೇ ಹೆಚ್ಚಿದ್ದರು. ಮರುದಿನವಿಡೀ ಟಿವಿ, ಪತ್ರಿಕೆಗಳು ಆ ಒಂದು ಮಾತನ್ನೇ ಎತ್ತಿ ಆಡಿದ ಮೇಲೆ ಕೇಳಿದರೆ ಎದುರಾಳಿ ಕಾರ್ಟರ್ ಗೆದ್ದರು ಎಂದವರು ಬಹಳ ಮುಂದೆ. ಫೋರ್ಡ್ ಆಡಿದ್ದು ತಪ್ಪೇ. ಆದರೆ ಬಹಳ ಮಂದಿಗೆ ಅದು ತಪ್ಪೆಂದು ಹೊಳೆದದ್ದು ಬೇರೆಯವರು ಹೇಳಿದ ಮೇಲೆ. ಹಾಳೆಯಲ್ಲಿ ಬರೆದಿಟ್ಟಿದ್ದರೆ ಎಷ್ಟು ನಿಮ್ಮದು, ಎಷ್ಟು ಆಮೇಲೆ ಸೇರಿದ್ದು ಎಂದು ಗುರುತು ಸಿಗುತ್ತದೆ.

ಮಾತಿಗೆ ಕೂತಾಗ ಎಲ್ಲರಿಗಿಂತ ಚಿಕ್ಕವರು ಮೊದಲು ಹೇಳಲಿ. ನಿವೃತ್ತ ಮೇಷ್ಟ್ರು ಮೊದಲು ಬಾಯಿಬಿಟ್ಟರೆ ಉಳಿದವರು ಹೌದು ಸಾರ್ ಎಂದು ತಲೆಯಾಡಿಸಿ ಮುಗಿಸುತ್ತಾರೆ. ಗೌರವ ಒಳ್ಳೆಯದೇ, ಇಲ್ಲಿ ಅದು ಕೆಲಸ ಕೆಡಿಸುತ್ತದೆ. ಒಬ್ಬರಿಗೆ ಎರಡು ನಿಮಿಷ. ಹಾಳೆಯಲ್ಲಿ ಇಲ್ಲದ್ದನ್ನು ಹೇಳುವಂತಿಲ್ಲ.

ಯಾರು ಗೆದ್ದರು ಎಂಬ ಅಂಕಿಗಳು

ಗಂಟೆಯೊಳಗೆ ‘ತಕ್ಷಣದ ಸಮೀಕ್ಷೆ’ ಬರುತ್ತದೆ. ಅದರಲ್ಲಿ ಕೇಳುವುದು ಚರ್ಚೆ ನೋಡಿದವರನ್ನು, ಎಲ್ಲ ಮತದಾರರನ್ನಲ್ಲ. ಸಿಎನ್‌ಎನ್ ಸಮೀಕ್ಷೆಗಳನ್ನೇ ತೆಗೆದುಕೊಳ್ಳಿ. 2012ರ ಮೊದಲ ಚರ್ಚೆಯಲ್ಲಿ ರಾಮ್ನಿ ಗೆದ್ದರೆಂದು 67%, 2016ರ ಮೊದಲನೆಯದರಲ್ಲಿ ಹಿಲರಿ ಕ್ಲಿಂಟನ್ ಎಂದು 62%, 2024ರ ಸೆಪ್ಟೆಂಬರ್‌ನಲ್ಲಿ ಹ್ಯಾರಿಸ್ ಎಂದು 63%. ಮೂವರೂ ಚುನಾವಣೆ ಸೋತರು. ಹಾಗೆಂದು ಚರ್ಚೆಗೆ ಬೆಲೆಯೇ ಇಲ್ಲ ಎಂದಲ್ಲ. 2024ರ ಜೂನ್ ಚರ್ಚೆಯಲ್ಲಿ ತಡವರಿಸಿದ ಬೈಡನ್ ಜುಲೈ 21ಕ್ಕೆ ಕಣದಿಂದಲೇ ಹಿಂದೆ ಸರಿದರು. ಅಲ್ಲಿ ಗೆಲ್ಲಲು ರಾಜ್ಯವಾರು ಹಂಚಿದ ಒಟ್ಟು 538 ಎಲೆಕ್ಟೋರಲ್ ಮತಗಳಲ್ಲಿ 270 ಸಿಗಬೇಕು, ಮತ್ತು ಅದು ತೀರ್ಮಾನವಾಗುವುದು ಪೆನ್ಸಿಲ್ವೇನಿಯಾ, ಮಿಷಿಗನ್, ಜಾರ್ಜಿಯಾದಂಥ ಕೆಲವೇ ರಾಜ್ಯಗಳಲ್ಲಿ. ದೇಶವಿಡೀ ಲೆಕ್ಕ ಹಾಕಿದ ಶೇಕಡಾವಾರು ನೋಡಿ ನಿದ್ದೆಗೆಡುವುದು ಬೇಡ.

1960ರ ಚರ್ಚೆಯಲ್ಲಿ ರೇಡಿಯೋ ಕೇಳಿದವರಿಗೆ ನಿಕ್ಸನ್, ಟಿವಿ ನೋಡಿದವರಿಗೆ ಕೆನಡಿ ಗೆದ್ದಂತೆ ಕಂಡಿತು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಮಾತು ಮುಖ್ಯವಾಗಿ ನಿಂತಿರುವುದು ಒಂದೇ ಸಮೀಕ್ಷೆಯ ಮೇಲೆ, ಅದರಲ್ಲೂ ರೇಡಿಯೋ ಕೇಳಿದವರು ಬಹಳ ಕಡಿಮೆ. ಅದನ್ನು ವಾದಕ್ಕೆ ಆಧಾರ ಮಾಡಬೇಡಿ.

ಮೂರನೇ ಕಂಬವನ್ನು ತಾಳೆ ನೋಡುವುದು ಒಂದು ದಿನ ಕಳೆದ ಮೇಲೆ. ಅಷ್ಟರಲ್ಲಿ ಚರ್ಚೆಯ ಪೂರ್ತಿ ಬರಹ ಸಿಗುತ್ತದೆ. ಮೂರು ಮಾತು ಆರಿಸಿ, ಅರ್ಧ ಗಂಟೆ ಕೊಡಿ, ಮುಗಿಸಿ.

ಉಳಿದ ತಿಂಗಳುಗಳಿಗೆ ಪಡಿತರ

ಮುಂದಿನ ಚುನಾವಣೆ 2028ರ ನವೆಂಬರ್ 7, ಮಂಗಳವಾರ. ಅಲ್ಲಿವರೆಗಿನ ಸುದ್ದಿಗೆ ವಾರಕ್ಕೆ ಅರ್ಧ ಗಂಟೆ, ಭಾನುವಾರ ಬೆಳಿಗ್ಗೆ, ಓದಲು ಮಾತ್ರ. ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡಿ. ಬಿಟ್ಟು ಹೋದರೆ ನೆಂಟರಿಗೆ ಬೇಜಾರು. ಚರ್ಚೆ ನಡೆಯಲೇಬೇಕೆಂಬ ಕಾನೂನು ಅಲ್ಲಿಲ್ಲ. 1964, 1968, 1972ರಲ್ಲಿ ಅಧ್ಯಕ್ಷೀಯ ಚರ್ಚೆ ನಡೆಯಲೇ ಇಲ್ಲ. ಆದ್ದರಿಂದ ದಿನ ಗೊತ್ತಾಗುವ ತನಕ ಕಾಯುತ್ತ ಕೂರಬೇಡಿ.

ಸುಸ್ತು ಮಿತಿ ಮೀರಿದ್ದಕ್ಕೆ ಗುರುತು ಸುಲಭ: ಹೊಸದೇನೂ ಇಲ್ಲದಿದ್ದರೂ ಕೈ ಫೋನಿಗೆ ಹೋಗುವುದು, ಊಟದ ಹೊತ್ತಲ್ಲಿ ದನಿ ಏರುವುದು, ಕೊನೆಗೆ ‘ಎಲ್ಲರೂ ಒಂದೇ’ ಅನ್ನುವುದು. ಈ ಮಾತು ಬಾಯಿಗೆ ಬಂದರೆ ಎರಡು ವಾರ ಪೂರ್ತಿ ನಿಲ್ಲಿಸಿ. ಅಲ್ಲಿನ ಪೌರತ್ವ ಪಡೆದ ಮಕ್ಕಳಿಗೆ ಈ ಸುಸ್ತು ಇಲ್ಲಿಗಿಂತ ಹೆಚ್ಚು. ಯಾರಿಗೆ ಹಾಕ್ತೀಯ ಎಂದು ಪ್ರತಿ ಕರೆಯಲ್ಲೂ ಕೇಳಬೇಡಿ. ಹೆಸರು ನೋಂದಾಯಿಸಿದ್ದೀಯಾ ಎಂದು ಸೆಪ್ಟೆಂಬರ್‌ನಲ್ಲಿ ಒಮ್ಮೆ ಕೇಳಿದರೆ ಸಾಕು, ಏಕೆಂದರೆ ಅದರ ಕೊನೆಯ ದಿನ ರಾಜ್ಯ ರಾಜ್ಯಕ್ಕೂ ಬೇರೆ.

ಫಲಿತಾಂಶದ ಹೊತ್ತಿಗೆ ಅವರ ಗಡಿಯಾರ ಒಂದು ಗಂಟೆ ಹಿಂದೆ ಸರಿದು ಅಂತರ ಹತ್ತೂವರೆ ಗಂಟೆ ಆಗಿರುತ್ತದೆ. ಪೂರ್ವದ ರಾಜ್ಯಗಳಲ್ಲಿ ಸಂಜೆ ಏಳಕ್ಕೆ ಮತದಾನ ಮುಗಿದರೆ ಇಲ್ಲಿ ನವೆಂಬರ್ 8ರ ಬೆಳಿಗ್ಗೆ 5:30. ಆಗಲೇ ಎದ್ದು ಕೂರಬೇಡಿ, ಮೊದಲ ಗಂಟೆಗಳ ಎಣಿಕೆಯಿಂದ ಏನೂ ತಿಳಿಯದು. 2020ರಲ್ಲಿ ಮಂಗಳವಾರದ ಚುನಾವಣೆಯಲ್ಲಿ ಗೆದ್ದವರ ಹೆಸರನ್ನು ಮಾಧ್ಯಮಗಳು ಹೇಳಿದ್ದು ಶನಿವಾರ. ಹಾಲು ಕಾಯಿಸಿ, ತಿಂಡಿ ಮುಗಿಸಿ, ಹತ್ತರ ಮೇಲೆ ಒಮ್ಮೆ ನೋಡಿ.