‘ಒಡೆ’ ಹಿಡಿದು ಇಂಗ್ಲಿಷ್ ಕ್ರಿಯಾಪದ ಕಲಿಸಿದ ನನ್ನ ಅನುಭವ

ಶಿರಸಿಯಲ್ಲಿ ಟ್ಯೂಷನ್ ಶುರು ಮಾಡಿ ಹತ್ತು-ಹನ್ನೊಂದು ವರ್ಷವಾಯಿತು. ‘ಅಡಿಕೆ ಒಣಗಿತು’ ಅಂದರೆ ಹತ್ತರಲ್ಲಿ ಏಳು ಮಕ್ಕಳು ‘ವಾಸ್ ಡ್ರೈಡ್’ ಎಂದೇ ಬರೆಯುತ್ತಿದ್ದರು. ‘ಒಣಗಿಸಿದೆವು’ ಬಂದರೆ ‘ಮೇಡ್ ಡ್ರೈ’. ಇಂಗ್ಲಿಷಿನಲ್ಲಿ ಎರಡಕ್ಕೂ ‘ಡ್ರೈಡ್’ ಒಂದೇ ಸಾಕು. ಆದರೆ ಒಣಗು-ಒಣಗಿಸು ಎಂದು ಬೇರೆ ಮಾಡುವ ನಮ್ಮ ‘ಇಸು’ ಪ್ರತ್ಯಯ ಬಿಡದೆ ಬೆನ್ನು ಹತ್ತಿತ್ತು.

ಸಕರ್ಮಕಕ್ಕೆ (ಕರ್ಮ ಇರುವ ಕ್ರಿಯಾಪದ) ಕೆಂಪು, ಅಕರ್ಮಕಕ್ಕೆ (ಕರ್ಮ ಇಲ್ಲದ್ದು) ನೀಲಿ ಅಂತ ಫ್ಲೆಕ್ಸ್ ಚಾರ್ಟ್ ಮಾಡಿಸಿದೆ. ಸುಮಾರು 1,800 ರೂಪಾಯಿ ಹೋಯಿತು. ಡ್ರೈ, ಬಾಯ್ಲ್, ಸಿಂಕ್ ಎರಡೂ ಕಡೆ ಬರೆಯಬೇಕಾಗಿ ಬಂದು ಚಾರ್ಟೇ ಕೆಟ್ಟಿತು. ಆ ವರ್ಷ ಐದಾರು ಮಕ್ಕಳು ಬಿಟ್ಟರು. ತಿಂಗಳಿಗೆ ತಲಾ 400ರಂತೆ ಲೆಕ್ಕ ಹಾಕಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಹೊಳೆದದ್ದು ‘ಒಡೆ’. ಮಡಕೆ ಒಡೆಯಿತು, ಮಡಕೆ ಒಡೆದೆ. ಮುರಿ, ತೆರೆ ಕೂಡ ಹೀಗೇ, ಎಲ್ಲೂ ‘ಇಸು’ ಇಲ್ಲ. ಬ್ರೇಕ್, ಓಪನ್, ಬಾಯ್ಲ್, ಸಿಂಕ್ ಎಲ್ಲ ನಮ್ಮ ‘ಒಡೆ’ಯ ಜಾತಿ ಅಂದೆ. ‘ಕನ್ನಡ ಹಿಡಿದು ಇಂಗ್ಲಿಷ್ ಹೇಳಿದರೆ ಮಕ್ಕಳು ಕೆಡ್ತಾರೆ’ ಎಂದರು ಜೊತೆಯ ಮಾಸ್ತರರು.

ಮೊದಲ ವಾರ ಕೆಟ್ಟದ್ದೂ ನಿಜ. ‘ತಾಯಿ ಮಗುವಿಗೆ ಉಣಿಸಿದಳು’ ಎಂಬುದಕ್ಕೆ ಒಬ್ಬ ಮಾಣಿ ‘ಮದರ್ ಏಟ್ ದ ಬೇಬಿ’ ಎಂದು ಬರೆದ! ಈಟ್‌ನದು ಬೇರೆ ದಾರಿ ಎಂದು ನಾನು ಹೇಳಿರಲಿಲ್ಲ. ಅಲ್ಲಿ ಕರ್ಮ ಬಿಟ್ಟರೂ ಉಣ್ಣುವವನೇ ಕರ್ತೃ. ಸಿಂಕ್‌ನಲ್ಲಿ ಹಾಗಲ್ಲ, ಅಲೆಯನ್ನು ತೆಗೆದರೆ ದೋಣಿಯೇ ಕರ್ತೃವಿನ ಜಾಗಕ್ಕೆ ಬರುತ್ತದೆ: ‘ದ ವೇವ್ ಸ್ಯಾಂಕ್ ದ ಬೋಟ್’, ‘ದ ಬೋಟ್ ಸ್ಯಾಂಕ್’. ಅಂದಿನಿಂದ ಪರೀಕ್ಷೆ ಒಂದೇ: ಕರ್ಮವನ್ನು ಮುಂದೆ ತಂದು ಕೂರಿಸಿ ನೋಡು. ಫಾಲ್ ಮಾತ್ರ ಕಾಡಿತು. ‘ಐ ಫೆಲ್ ದ ಕಪ್’ ಹೋಗಿ ‘ಡ್ರಾಪ್ಡ್’ ಬರಲು ಎರಡು ತಿಂಗಳು ಹಿಡಿಯಿತು.

ಕಾರವಾರದ ಅಕ್ಕನ ಮನೆಗೆ ಹೋದಾಗ ಕೊಂಕಣಿ ಮಾತಾಡುವ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ನೋಡಿದೆ. ಅವರಲ್ಲಿ ತಾನಾಗಿ ಒಡೆದರೆ ‘ಫುಟ್’, ಒಡೆದು ಹಾಕಿದರೆ ‘ಫೋಡ್’. ಹೀಗೇ ಒಳಗಿನ ಸ್ವರ ಬದಲಾಗುವ ರೈಸ್ (ಏಳು)-ರೇಜ್ (ಎತ್ತು), ಲೈ (ಮಲಗು)-ಲೇ (ಮಲಗಿಸು) ಜೋಡಿ ಅವರಿಗೆ ಅರ್ಧ ಗಂಟೆಯಲ್ಲಿ ಹತ್ತಿತು. ಶಿರಸಿಯ ಮಕ್ಕಳಿಗೆ ಒಂದು ವಾರ ಬೇಕಾಗಿತ್ತು.

ಕಳೆದ ವರ್ಷದ 22 ಮಕ್ಕಳಲ್ಲಿ ಹದಿನೆಂಟು-ಹತ್ತೊಂಬತ್ತು ಮಂದಿ ‘ದ ನಟ್ಸ್ ಡ್ರೈಡ್’ ಎಂದು ತಡೆಯಿಲ್ಲದೆ ಬರೆದರು. ಬೇಡವೆಂದಿದ್ದ ಮಾಸ್ತರರೊಬ್ಬರು ಈಗ ತಮ್ಮ ಮಗಳನ್ನೇ ಕಳಿಸುತ್ತಾರೆ. ನಲವತ್ತು ಕ್ರಿಯಾಪದಗಳನ್ನು ಯಾವುದರ ಬೆನ್ನಿಗೆ ಯಾವುದು ಹೇಳುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ, ಅದು ನನ್ನ ಹೊಟ್ಟೆಪಾಡು.

ಸದ್ಯ ಕಟ್ ಹಿಡಿದು ಕೂತಿದ್ದೇನೆ. ‘ದಿಸ್ ನೈಫ್ ಕಟ್ಸ್ ವೆಲ್’ ಸರಿ, ‘ದಿಸ್ ಬ್ರೆಡ್ ಕಟ್ಸ್ ಈಸಿಲಿ’ ಕೂಡ ಸರಿ. ‘ಕತ್ತಿ ಚೆನ್ನಾಗಿ ಕೊಯ್ಯುತ್ತದೆ’ ಅನ್ನಬಹುದು, ಬ್ರೆಡ್ ಕೊಯ್ಯುತ್ತದೆ ಅನ್ನಲಾಗದು. ಅದಕ್ಕೊಂದು ಕನ್ನಡದ ಜೋಡಿ ಹುಡುಕುತ್ತಿದ್ದೇನೆ.