ಆರೋಗ್ಯ ಕ್ಷೇತ್ರದ ಕೋರ್ಸ್ ಆರಿಸುವಾಗ ವಾರ್ಡಿನ ಲೆಕ್ಕ ಕೇಳಿ

ಆರೋಗ್ಯ ಕ್ಷೇತ್ರದ ಬಹಳಷ್ಟು ವೃತ್ತಿಗಳಲ್ಲಿ ಪದವಿ ಕೈಗೆ ಬಂದ ಮಾತ್ರಕ್ಕೆ ಕೆಲಸ ಮಾಡುವ ಹಕ್ಕು ಬರುವುದಿಲ್ಲ. ನರ್ಸಿಂಗ್, ಫಾರ್ಮಸಿ, ವೈದ್ಯಕೀಯದಂಥ ವೃತ್ತಿಗಳಿಗೆ ನೋಂದಣಿ ಕೊಡುವ ಮಂಡಳಿ ಕಾಲೇಜಿಗಿಂತ ಬೇರೆ. ಹಾಗಾಗಿ ಹುಡುಕಾಟವನ್ನು ಕಾಲೇಜಿನಿಂದ ಶುರು ಮಾಡಬೇಡಿ. ಮೊದಲು ಯಾವ ಕೆಲಸ ಬೇಕೆಂದು ತೀರ್ಮಾನಿಸಿ. ಆ ಕೆಲಸಕ್ಕೆ ನೋಂದಣಿ ಕೊಡುವವರು ಯಾರು, ಅವರು ಯಾವ ಕೋರ್ಸನ್ನು ಒಪ್ಪುತ್ತಾರೆ ಎಂದು ತಿಳಿದುಕೊಳ್ಳಿ. ಕಾಲೇಜಿನ ಮಾತು ಆಮೇಲೆ.

ಕೆಲಸ ಆರಿಸುವಾಗ ದಿನದ ಹೆಚ್ಚಿನ ಹೊತ್ತು ಏನು ಮಾಡಬೇಕಾಗುತ್ತದೆ ಎಂದು ನೋಡಿ. ನರ್ಸಿಂಗ್ ಮತ್ತು ಫಿಸಿಯೋಥೆರಪಿಯಲ್ಲಿ ರೋಗಿಯನ್ನು ಮುಟ್ಟಬೇಕು, ಎತ್ತಬೇಕು, ಗಂಟೆಗಟ್ಟಲೆ ನಿಲ್ಲಬೇಕು. ನರ್ಸಿಂಗ್‌ನಲ್ಲಿ ರಾತ್ರಿ ಪಾಳಿಯೂ ಸಾಮಾನ್ಯ. ಲ್ಯಾಬ್ ಕೆಲಸದಲ್ಲಿ ರೋಗಿಯ ಜೊತೆ ಒಡನಾಟ ಕಡಿಮೆ, ಕಣ್ಣಿಗೆ ಕೆಲಸ ಜಾಸ್ತಿ. ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕಿ ಗುರುತಿಸುವ ಗ್ರಾಮ್ ಸ್ಟೇನ್ ಪರೀಕ್ಷೆಯಲ್ಲಿ ಒಂದು ಗುಂಪಿನ ಬ್ಯಾಕ್ಟೀರಿಯಾ ನೇರಳೆಯಾಗಿ, ಇನ್ನೊಂದು ಗುಲಾಬಿಯಾಗಿ ಕಾಣುತ್ತದೆ. ವರ್ಣಾಂಧತೆ ಇರುವವರಿಗೆ ಇಲ್ಲೇ ತೊಡಕಾಗಬಹುದು. ಲ್ಯಾಬ್ ಕೋರ್ಸ್ ಬಯಸುವವರು ಶುಲ್ಕ ಕಟ್ಟುವ ಮೊದಲೇ ಬಣ್ಣಗುರುತಿನ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ದಾಖಲೆ ನಿರ್ವಹಣೆ, ಆಸ್ಪತ್ರೆ ಆಡಳಿತದಂಥ ದಾರಿಗಳೂ ಇವೆ. ರಕ್ತ ಕಂಡರೆ ತಲೆಸುತ್ತುವವರಿಗೆ ಅವು ಎರಡನೇ ದರ್ಜೆಯ ಆಯ್ಕೆಗಳೇನಲ್ಲ.

ಮುಂದಿನದು ಮಾನ್ಯತೆ. ಇಲ್ಲಿ ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಎಂದು ತಿಳಿದು ಮೋಸಹೋಗುವವರು ಬಹಳ ಮಂದಿ. ಸಂಸ್ಥೆಗೆ ನಡೆಯಲು ಅನುಮತಿ ಇರುವುದು ಒಂದು. ಅದು ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿರುವುದು ಇನ್ನೊಂದು. ನೀವು ಸೇರುವ ಕೋರ್ಸನ್ನೇ ವೃತ್ತಿ ಮಂಡಳಿ ಒಪ್ಪಿರುವುದು ಮೂರನೆಯದು, ನೋಂದಣಿಗೆ ಬೇಕಾಗುವುದು ಇದು. ಮೊದಲ ಎರಡು ಇದ್ದು ಮೂರನೆಯದು ಇಲ್ಲದಿದ್ದರೆ ಪ್ರಮಾಣಪತ್ರ ಸಿಗುತ್ತದೆ, ನೋಂದಣಿ ಸಿಗುವುದಿಲ್ಲ. ಕಾಲೇಜಿನ ಕರಪತ್ರವನ್ನು ನಂಬದೆ ಮಂಡಳಿಯೇ ಪ್ರಕಟಿಸಿದ ಪಟ್ಟಿಯಲ್ಲಿ ಕೋರ್ಸಿನ ಪೂರ್ತಿ ಹೆಸರು, ಒಪ್ಪಿಗೆ ಯಾವ ವರ್ಷದವರೆಗೆ, ಎಷ್ಟು ಸೀಟಿಗೆ ಎಂಬುದನ್ನು ಹೋಲಿಸಿ ನೋಡಿ. ‘ಮಾನ್ಯತೆಗೆ ಅರ್ಜಿ ಹಾಕಿದ್ದೇವೆ’ ಎಂದರೆ ಮಾನ್ಯತೆ ಇಲ್ಲ ಎಂದೇ ಅರ್ಥ. ಹೆಸರಿನಲ್ಲಿ ಒಂದು ಪದ ಬದಲಾದರೂ ಅದು ಬೇರೆ ಕೋರ್ಸ್ ಆಗಿರಬಹುದು. ‘ನರ್ಸಿಂಗ್ ಸಹಾಯಕ’ ಓದಿದವರನ್ನು ನರ್ಸ್ ಎಂದು ನೋಂದಾಯಿಸುವುದಿಲ್ಲ.

ಇನ್ನು ಕ್ಲಿನಿಕಲ್ ತರಬೇತಿ, ಅಂದರೆ ಆಸ್ಪತ್ರೆಯಲ್ಲಿ ರೋಗಿಗಳ ಬಳಿ ಪಡೆಯುವ ತರಬೇತಿ. ನಮ್ಮ ಅಭಿಪ್ರಾಯದಲ್ಲಿ ಒಂದು ಕೋರ್ಸಿನ ಯೋಗ್ಯತೆ ಗೊತ್ತಾಗುವುದು ಇಲ್ಲೇ. ‘ಆಸ್ಪತ್ರೆಯೊಂದಿಗೆ ಒಪ್ಪಂದವಿದೆ’ ಎಂಬ ಉತ್ತರ ಸಾಲದು, ಗಂಟೆಗಳಲ್ಲಿ ಲೆಕ್ಕ ಕೇಳಿ. ಅಳತೆಗೆಂದು ಒಂದು ನಿಯಮ ನೋಡಿ: ಯುರೋಪಿಯನ್ ಒಕ್ಕೂಟದಲ್ಲಿ ಸಾಮಾನ್ಯ ನರ್ಸ್ ತರಬೇತಿ ಕನಿಷ್ಠ 3 ವರ್ಷ, 4,600 ಗಂಟೆ ಇರಬೇಕು, ಅದರಲ್ಲಿ ಕ್ಲಿನಿಕಲ್ ಭಾಗ ಅರ್ಧಕ್ಕೆ, ಅಂದರೆ 2,300 ಗಂಟೆಗೆ, ಕಡಿಮೆ ಇರುವಂತಿಲ್ಲ. ವಾರಕ್ಕೆ 3 ದಿನ, ದಿನಕ್ಕೆ 6 ಗಂಟೆ, ವರ್ಷಕ್ಕೆ 40 ವಾರ ವಾರ್ಡಿಗೆ ಕಳಿಸುವ ಕೋರ್ಸಿನಲ್ಲಿ ವರ್ಷಕ್ಕೆ 720 ಗಂಟೆ, 3 ವರ್ಷಕ್ಕೆ 2,160 ಗಂಟೆ ಆಗುತ್ತದೆ. ಕೇಳಲು ಧಾರಾಳವೆನಿಸುವ ವೇಳಾಪಟ್ಟಿಯೇ ಆ ಅಳತೆಗೆ 140 ಗಂಟೆ ಕಡಿಮೆ ಬೀಳುತ್ತದೆ.

ಗಂಟೆಗಳು ಸರಿಯಿದ್ದರೂ ಕೈಗೆ ಕೆಲಸ ಸಿಗುತ್ತದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಡಯಾಲಿಸಿಸ್ ಟೆಕ್ನಾಲಜಿಯನ್ನೇ ತೆಗೆದುಕೊಳ್ಳಿ. ಒಬ್ಬ ರೋಗಿಗೆ ಒಂದು ಸಲ ಡಯಾಲಿಸಿಸ್ ಮಾಡಲು ಸುಮಾರು 4 ಗಂಟೆ ಬೇಕು. 5 ಯಂತ್ರಗಳ ಘಟಕ ದಿನಕ್ಕೆ 3 ಪಾಳಿ ನಡೆಸಿದರೆ 15 ಡಯಾಲಿಸಿಸ್ ಆಗುತ್ತವೆ. ಅಲ್ಲಿಗೆ ಒಟ್ಟಿಗೆ 40 ವಿದ್ಯಾರ್ಥಿಗಳನ್ನು ಕಳಿಸಿದರೆ ಒಬ್ಬೊಬ್ಬರಿಗೆ ಎರಡು ದಿನಕ್ಕೊಂದು ಅವಕಾಶವೂ ಬರುವುದಿಲ್ಲ. ಬಂದಾಗಲೂ ಫಿಸ್ಟುಲಾಗೆ (ಡಯಾಲಿಸಿಸ್‌ಗೆಂದು ಅಪಧಮನಿ, ಅಭಿಧಮನಿಗಳನ್ನು ಜೋಡಿಸಿ ಮಾಡಿದ ರಕ್ತನಾಳದ ದಾರಿಗೆ) ಸೂಜಿ ಹಾಕುವುದನ್ನು ಹಿರಿಯ ಟೆಕ್ನಿಷಿಯನ್‌ಗಳು ಹೊಸಬರ ಕೈಗೆ ಸುಲಭವಾಗಿ ಬಿಡುವುದಿಲ್ಲ, ಬಿಡಬಾರದು ಕೂಡ. ಹೀಗಾದಾಗ ವಿದ್ಯಾರ್ಥಿ ಯಂತ್ರದ ಪಕ್ಕ ನಿಂತು ನೋಡಿಯೇ ಕೋರ್ಸ್ ಮುಗಿಸುತ್ತಾನೆ. ಯಾವ ಕೋರ್ಸಾದರೂ ಹಾಸಿಗೆ ಅಥವಾ ಯಂತ್ರ ಎಷ್ಟು, ಒಂದು ತಂಡದಲ್ಲಿ ವಿದ್ಯಾರ್ಥಿಗಳೆಷ್ಟು, ಜೊತೆಯಲ್ಲಿ ನಿಲ್ಲುವ ಮೇಲ್ವಿಚಾರಕರೆಷ್ಟು, ಬೇರೆ ಕಾಲೇಜಿನವರೂ ಅಲ್ಲಿಗೇ ಬರುತ್ತಾರೆಯೇ ಎಂದು ಕೇಳಿ.

ಸಾಧ್ಯವಾದರೆ ಅಂತಿಮ ವರ್ಷದವರ ಲಾಗ್‌ಬುಕ್ ನೋಡಿ. ಒಳ್ಳೆಯ ಲಾಗ್‌ಬುಕ್‌ನಲ್ಲಿ ನೋಡಿದ್ದು, ನೆರವಾದದ್ದು, ಮೇಲ್ವಿಚಾರಣೆಯಲ್ಲಿ ತಾನೇ ಮಾಡಿದ್ದು ಎಂದು ಬೇರೆ ಬೇರೆ ಕಲಂ ಇರುತ್ತವೆ, ಪ್ರತಿ ಸಾಲಿಗೂ ದಿನಾಂಕ ಮತ್ತು ಸಹಿ ಇರುತ್ತದೆ. ಇಡೀ ಪುಟಕ್ಕೆ ಒಂದೇ ಪೆನ್ನಿನಲ್ಲಿ, ಒಂದೇ ದಿನ ಸಹಿ ಬಿದ್ದಿದ್ದರೆ ಅದನ್ನು ಪರೀಕ್ಷೆಯ ಹಿಂದಿನ ವಾರ ತುಂಬಿಸಿರುವ ಸಾಧ್ಯತೆಯೇ ಹೆಚ್ಚು. ಸ್ಕಿಲ್ ಲ್ಯಾಬಿಗೂ ಹೋಗಿ. ಅಭಿಧಮನಿಗೆ ಸೂಜಿ ಹಾಕಲು ಕಲಿಸುವ ರಬ್ಬರ್ ತೋಳಿನ ಮೇಲೆ ಚುಚ್ಚಿದ ಗುರುತುಗಳು ತುಂಬಿರಬೇಕು. ಹೊಸದರಂತೆ ಹೊಳೆಯುತ್ತಿದ್ದರೆ ಚರ್ಮದ ಹೊದಿಕೆಯನ್ನು ಕೊನೆಯ ಸಲ ಬದಲಿಸಿದ್ದು ಯಾವಾಗ ಎಂದು ವಿಚಾರಿಸಿ.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. ರೇಡಿಯೋಗ್ರಫಿ ವಿದ್ಯಾರ್ಥಿಗೆ ವಿಕಿರಣದ ಪ್ರಮಾಣ ಅಳೆಯುವ ಬ್ಯಾಡ್ಜ್ ಅವರವರ ಹೆಸರಿನಲ್ಲೇ ಇರಬೇಕು, ಹಂಚಿಕೊಂಡು ಹಾಕುವ ವಸ್ತು ಅದಲ್ಲ. ಹೆಪಟೈಟಿಸ್ ಬಿ ಲಸಿಕೆ ಸಾಮಾನ್ಯವಾಗಿ 3 ಡೋಸ್: ಮೊದಲನೆಯದಾದ 1 ತಿಂಗಳಿಗೆ ಎರಡನೆಯದು, 6 ತಿಂಗಳಿಗೆ ಮೂರನೆಯದು. ಅದಾದ 1–2 ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿ ರಕ್ಷಣೆ ಬಂದಿದೆಯೇ ಎಂದು ನೋಡಬೇಕು. ವಾರ್ಡಿಗೆ ಹೋಗುವ ಹಿಂದಿನ ದಿನ ಲಸಿಕೆ ಶುರು ಮಾಡಿದರೆ ತಡವಾಗುತ್ತದೆ, ಪ್ರವೇಶದ ಹೊತ್ತಿಗೇ ಹಾಕಿಸಿಕೊಳ್ಳಿ.

ಆನ್‌ಲೈನ್ ಕೋರ್ಸಿನಲ್ಲಿ ಅಂಗರಚನೆ, ಔಷಧಶಾಸ್ತ್ರದ ಪಾಠ ಕಲಿಯಬಹುದು. ನಾಡಿ ಹುಡುಕುವುದನ್ನು ಅಲ್ಲಿ ಕಲಿಯಲಾಗದು. ಪ್ರತ್ಯಕ್ಷ ತರಬೇತಿ ಎಲ್ಲಿ, ಎಷ್ಟು ಗಂಟೆ, ಸ್ಥಳ ಹುಡುಕುವ ಹೊಣೆ ಯಾರದು ಎಂಬುದು ಬರಹದಲ್ಲಿರಲಿ.

ಡಿಪ್ಲೊಮಾ ಮಾಡಿ ಆಮೇಲೆ ಪದವಿಗೆ ಹೋಗುವ ಆಲೋಚನೆಯಿದ್ದರೆ, ಲ್ಯಾಟರಲ್ ಎಂಟ್ರಿ (ಮೊದಲ ವರ್ಷ ಬಿಟ್ಟು ಮುಂದಿನ ವರ್ಷಕ್ಕೆ ನೇರ ಪ್ರವೇಶ) ಕೊಡುತ್ತಾರೆಯೇ ಎಂದು ಮುಂದೆ ಸೇರಲಿರುವ ವಿಶ್ವವಿದ್ಯಾಲಯವನ್ನೇ ಕೇಳಿ. ಬೇರೆ ದೇಶದಲ್ಲಿ ಕೆಲಸ ಮಾಡುವ ಆಸೆಯಿದ್ದರೆ ಓದು ಮುಗಿಸಿ ಹೊರಡುವ ಮುನ್ನ ವಿಷಯವಾರು ಗಂಟೆಗಳಿರುವ ಅಂಕಪಟ್ಟಿ, ನೀವು ಓದಿದ ವರ್ಷದ ಪಠ್ಯಕ್ರಮ, ಕ್ಲಿನಿಕಲ್ ಗಂಟೆಗಳ ಪತ್ರ ಮೂರಕ್ಕೂ ಕಾಲೇಜಿನ ಮೊಹರು ಹಾಕಿಸಿ ಇಟ್ಟುಕೊಳ್ಳಿ. ಪಠ್ಯಕ್ರಮ ಬದಲಾದ ಮೇಲೆ ಹಳೆಯದರ ಪ್ರತಿ ಹುಡುಕಿಸುವುದು ಬಹಳ ಕಷ್ಟ.