ಆಸ್ತಮಾ ಪಂಪ್ ಎಳೆಯುವುದು ಹೀಗೆ

ಮಳೆಗಾಲ ಬಂತೆಂದರೆ ಡೊಂಬಿವಿಲಿಯ ನಮ್ಮ ಮೆಡಿಕಲ್ ಅಂಗಡಿಗೆ ಆಸ್ತಮಾ ಪಂಪ್ ಕೇಳಿಕೊಂಡು ಬರುವವರು ಜಾಸ್ತಿ. "ಎಷ್ಟು ಹೊಡೆದರೂ ಉಬ್ಬಸ ನಿಲ್ತಾ ಇಲ್ಲ ಮಾರಾಯ್ರೇ" ಅನ್ನುವವರಿಗೆ ನಾನು ಹೇಳುವುದು ಒಂದೇ. ನನ್ನೆದುರು ಒಮ್ಮೆ ಎಳೆದು ತೋರಿಸಿ. ಮೊನ್ನೆ ಕುಂದಾಪುರ ಕಡೆಯ ಅಮ್ಮ ಒಬ್ಬರು ತೋರಿಸಿದರು. ಬಾಯಿ ತೆರೆದರು, ಒತ್ತಿದರು, ಗುಳುಂ ಅಂತ ನುಂಗಿದರು. ತುಟಿಯ ಸಂದಿಯಿಂದ ಬಿಳಿ ಹೊಗೆ ಹೊರಗೆ ಬಂತು.

ನುಂಗಿದ ಮದ್ದು ಕರುಳಿನಿಂದ ರಕ್ತಕ್ಕೆ ಸೇರಿ ಮೊದಲು ಲಿವರ್‌ಗೆ ಹೋಗುತ್ತದೆ. ಅಲ್ಲಿ ಒಂದಷ್ಟು ಕಳೆದು, ಉಳಿದದ್ದು ಮೈಯೆಲ್ಲ ಸುತ್ತಿ ಎದೆಗೆ ಬರಬೇಕು. ಉಬ್ಬಸ ಸಡಿಲಿಸುವ ಮದ್ದು ಸಾಲ್ಬುಟಮಾಲ್, ಅದರ ಮಾತ್ರೆ 4 ಮಿಲಿಗ್ರಾಂ. ಪಂಪಿನ ಒಂದು ಪಫ್, ಅಂದರೆ ಒಂದು ಸಲ ಒತ್ತಿದ್ದು, ಬರೀ 100 ಮೈಕ್ರೋಗ್ರಾಂ. ಅಂದರೆ ಒಂದು ಮಾತ್ರೆಯಲ್ಲಿ 40 ಪಫ್‌ನ ಮದ್ದು! ಶ್ವಾಸನಾಳಕ್ಕೇ ಬಿದ್ದರೆ ಆ ಚೂರೇ ಸಾಕು, ಕೆಲವೇ ನಿಮಿಷದಲ್ಲಿ ಉಸಿರು ಸಡಿಲಾಗುತ್ತದೆ. ಹೊಟ್ಟೆಗೆ ಹೋದರೆ ಅದು ಯಾವ ಮೂಲೆಗೆ?

ಮುಚ್ಚಳ ತೆಗೆದು ಚೆನ್ನಾಗಿ ಕುಲುಕಿ. ಹೊಸ ಪಂಪಾದರೆ ಮೊದಲು ಗಾಳಿಗೆ ಕೆಲವು ಸಲ ಒತ್ತಿ. ನೆಟ್ಟಗೆ ಕೂತುಕೊಳ್ಳಿ.

ಎಡವಟ್ಟಾಗುವುದು ಇನ್ನು ಮುಂದೆ. ಎದೆಯಲ್ಲಿರುವ ಉಸಿರನ್ನು ಹೊರಗೆ ಬಿಡಿ, ಪಂಪಿನೊಳಗೆ ಊದಬೇಡಿ. ಪಂಪಿನ ಬಾಯನ್ನು ಹಲ್ಲುಗಳ ನಡುವೆ ಇಟ್ಟು ತುಟಿ ಬಿಗಿಮಾಡಿ. ನಾಲಿಗೆ ಅಡ್ಡ ಬರಬಾರದು. ಈಗ ಬಾಯಿಂದ ಉಸಿರು ಎಳೆಯಲು ಶುರುಮಾಡಿ, ಶುರುವಾದ ಕೂಡಲೇ ಒತ್ತಿ, ಒತ್ತಿದ ಮೇಲೂ ಎಳೆಯುತ್ತಲೇ ಇರಿ. ಒತ್ತಿದ ತಕ್ಷಣ ಉಸಿರು ನಿಲ್ಲಿಸಿಬಿಡುತ್ತಾರೆ, ಎಲ್ಲ ಕೆಡುವುದು ಅಲ್ಲೇ. ನಾಲ್ಕೈದು ಸೆಕೆಂಡ್, ನಿಧಾನ. ಕಟಿಂಗ್ ಚಹಾ ಹೀರಿದ ಹಾಗೆ ಸೊರ್ ಅನ್ನಿಸಬೇಡಿ. ಜೋರಾಗಿ ಎಳೆದರೆ ಹನಿಗಳು ಗಂಟಲಿನ ತಿರುವಿನಲ್ಲಿ ತಿರುಗದೆ ಗೋಡೆಗೆ ಬಡಿದು ಅಲ್ಲೇ ಅಂಟುತ್ತವೆ. ಆಮೇಲೆ ಬಾಯಿ ಮುಚ್ಚಿ ಮನಸ್ಸಿನಲ್ಲೇ ಹತ್ತು ಎಣಿಸಿ. ಒಳಗೆ ಹೋದ ಹನಿ ಕೂರಲು ಅಷ್ಟು ಹೊತ್ತು ಬೇಕು. ಎರಡನೇ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ.

ಇಷ್ಟೆಲ್ಲ ತಾಳ ಕೂಡಿಬರುವುದಿಲ್ಲವೇ? ಸ್ಪೇಸರ್ ತಗೊಳ್ಳಿ, ಪಂಪಿನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ ಅದು; ಒತ್ತಿದ ಮದ್ದು ಅದರೊಳಗೆ ನಿಂತು, ನೀವು ನಿಧಾನ ಎಳೆದುಕೊಳ್ಳಬಹುದು. ನನ್ನನ್ನು ಕೇಳಿದರೆ ಎಲ್ಲರೂ ತಗೊಳ್ಳಬೇಕು, ಮಕ್ಕಳು ಮುದುಕರಂತೂ ಖಂಡಿತ. ಪಂಪಿನ ಬಾಯಿಗೆ ಸರಿಯಾಗಿ ಕೂರದೆ ಲೊಡಲೊಡ ಅಲ್ಲಾಡುವ ಅಗ್ಗದ್ದು ಬೇಡ, ಅಂಗಡಿಯಲ್ಲೇ ಸಿಕ್ಕಿಸಿ ನೋಡಿ. ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್‌ಗೆ ಸ್ಥಾಯಿ ವಿದ್ಯುತ್ ಹತ್ತಿ, ಮದ್ದೆಲ್ಲ ಅದರ ಗೋಡೆಗೇ ಮೆತ್ತಿಕೊಳ್ಳುತ್ತದೆ.

ರೋಟಾಕ್ಯಾಪ್, ಅಂದರೆ ಸಾಧನದಲ್ಲಿ ಹಾಕಿ ಉಸಿರಿನಿಂದ ಎಳೆಯುವ ಕ್ಯಾಪ್ಸೂಲಿನ ಪುಡಿ, ಅದರ ಕತೆ ಉಲ್ಟಾ. ಅಲ್ಲಿ ಒತ್ತುವ ಗ್ಯಾಸ್ ಇಲ್ಲ, ನೀವೇ ಜೋರಾಗಿ ಎಳೆಯಬೇಕು. ಅಂದಹಾಗೆ ಅದು ನುಂಗುವ ಕ್ಯಾಪ್ಸೂಲ್ ಅಲ್ಲ. ನಮ್ಮ ಗಿರಾಕಿ ಮಾವ ಒಬ್ಬರು ಒಂದು ತಿಂಗಳು ಊಟವಾದ ಮೇಲೆ ನೀರಿನ ಜೊತೆ ನುಂಗಿದ್ದರು.

ಸ್ಟಿರಾಯ್ಡ್ ಇರುವ ಪಂಪಾದರೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬೂಷ್ಟು ಬರಬಹುದು. ಉಬ್ಬಸ ಬಂದಾಗ ಹೊಡೆಯುವ ಪಂಪ್ ಪದೇ ಪದೇ ಬೇಕಾಗುತ್ತಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಹೊಡೆದರೂ ಉಸಿರು ಕಟ್ಟುತ್ತಿದ್ದರೆ ಸೀದಾ ಆಸ್ಪತ್ರೆಗೆ.

ಡಬ್ಬಿ ಖಾಲಿಯಾಯಿತೇ ಅಂತ ನೀರಲ್ಲಿ ತೇಲಿಸಿ ನೋಡಬೇಡಿ, ಅದನ್ನು ನಂಬುವ ಹಾಗಿಲ್ಲ. ಮದ್ದು ಮುಗಿದ ಮೇಲೂ ಗ್ಯಾಸ್ ಬುಸ್ ಅನ್ನುತ್ತಿರುತ್ತದೆ. ಎಷ್ಟು ಪಫ್ ಉಳಿದಿದೆ ಅಂತ ತೋರಿಸುವ ಕೌಂಟರ್ ಇರುವ ಪಂಪನ್ನೇ ಕೇಳಿ. ಸಿಗದಿದ್ದರೆ ಶುರುಮಾಡಿದ ತಾರೀಕು ಡಬ್ಬಿ ಮೇಲೆ ಬರೆದಿಡಿ. 120 ಪಫ್‌ನದು, ದಿನಕ್ಕೆ 4 ಅಂದರೆ 30 ದಿನ.